ಡೇಟಾಬೇಸ್ ಮತ್ತು ಬಿಐ ತರಬೇತಿ: ಬಳ್ಳಾರಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಶನಿವಾರ, ಭಾನುವಾರ ಡೇಟಾಬೇಸ್ ತರಗತಿ ತೆಗೆದುಕೊಳ್ಳುತ್ತೇನೆ. ಡಿಬಿಎ ಆಗಬೇಕು ಅನ್ನುವವರು ಬರುತ್ತಾರೆ, ಪವರ್ ಬಿಐ (ಅಂಕಿಗಳಿಂದ ವರದಿ, ಗ್ರಾಫ್ ಮಾಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಕಲಿಯಬೇಕು ಅನ್ನುವವರು ಬರುತ್ತಾರೆ. ಆಗಲೇ ಕೆಲಸದಲ್ಲಿದ್ದು ಎಲ್ಲೋ ಸಿಕ್ಕಿಹಾಕಿಕೊಂಡವರೂ ಬರುತ್ತಾರೆ. ಸಿರುಗುಪ್ಪ, ಸಂಡೂರು, ಹೊಸಪೇಟೆ, ಗಂಗಾವತಿಯಿಂದ ಬೆಳಗಿನ ಬಸ್ಸು ಹಿಡಿದು ಬರುವವರಿದ್ದಾರೆ. ಚಹಾ ಕುಡಿಯುವಾಗ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವರು ಕೇಳಿದ ಮಾತಿನಲ್ಲೇ ಬರೆದಿಟ್ಟು ಉತ್ತರ ಕೊಟ್ಟಿದ್ದೇನೆ. ಮೊದಲು ಹೊಸಬರದು, ಆಮೇಲೆ ಕೆಲಸದಲ್ಲಿ ಇರುವವರದು. ನಿಮಗೆ ಬೇಕಾದ್ದಷ್ಟೇ ಓದಿದರೂ ಸಾಕು.

## ಶುರು ಮಾಡುವ ಮುಂಚೆ

ಮೇಡಂ, ಡಿಬಿಎ ಅಂದ್ರೆ ಏನು, ಬಿಐ ಅಂದ್ರೆ ಏನು? ಎರಡೂ ಒಂದೇನಾ?

ಒಂದು ದೊಡ್ಡ ಅಕ್ಕಿ ಗಿರಣಿ ಇದೆ ಅಂದುಕೊಳ್ಳಿ. ಭತ್ತದ ಲಾರಿ ವೇಬ್ರಿಡ್ಜ್ ಮೇಲೆ ನಿಂತಾಗಿನಿಂದ ಅಕ್ಕಿ ಮೂಟೆ ಹೊರಗೆ ಹೋಗುವವರೆಗೆ ಎಲ್ಲವೂ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತದೆ. ಆ ದಾಖಲೆ ಕಳೆಯದ ಹಾಗೆ, ಕೆಡದ ಹಾಗೆ, ಕೇಳಿದ ತಕ್ಷಣ ಸಿಗುವ ಹಾಗೆ, ಬೇಡದವರ ಕೈಗೆ ಹೋಗದ ಹಾಗೆ ನೋಡಿಕೊಳ್ಳುವವರು ಡಿಬಿಎ, ಅಂದರೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್. ಅದೇ ದಾಖಲೆ ಇಟ್ಟುಕೊಂಡು, ಈ ವರ್ಷ ಒಂದು ಕ್ವಿಂಟಲ್ ಸೋನಾ ಮಸೂರಿ ಭತ್ತಕ್ಕೆ ಎಷ್ಟು ಅಕ್ಕಿ ಬಂತು, ಹೋದ ವರ್ಷಕ್ಕಿಂತ ಯಾಕೆ ಕಡಿಮೆ ಆಯಿತು ಅಂತ ಮಾಲೀಕರಿಗೆ ತೋರಿಸುವವರು ಬಿಸಿನೆಸ್ ಇಂಟೆಲಿಜೆನ್ಸ್‌ನವರು. ಚಿಕ್ಕದಾಗಿ ಬಿಐ.

ಸಣ್ಣ ಕಂಪನಿಯಲ್ಲಿ ಎರಡೂ ಕೆಲಸ ಒಬ್ಬರ ತಲೆ ಮೇಲೇ ಬೀಳುತ್ತದೆ. ಅದಕ್ಕೇ ನಮ್ಮಲ್ಲಿ ಮೊದಲ ನಾಲ್ಕು ವಾರ ಎಲ್ಲರಿಗೂ ಒಂದೇ ಪಾಠ. ಆಮೇಲೆ ದಾರಿ ಬೇರೆಯಾಗುತ್ತದೆ.

ನಾನು ಬಿ.ಕಾಂ. ಓದಿದವಳು, ಕೋಡಿಂಗ್ ಗೊತ್ತಿಲ್ಲ. ನನ್ನ ಕೈಲಿ ಆಗ್ತದಾ?

ಆಗ್ತದೆ. ಡೇಟಾಬೇಸ್ ಜೊತೆ ಮಾತಾಡುವ ಭಾಷೆ ಎಸ್‌ಕ್ಯೂಎಲ್. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಅವರು ಎಲ್ಲ ಮಾಹಿತಿಯನ್ನೂ ಸಾಲು, ಕಾಲಮ್ ಇರುವ ಟೇಬಲ್‌ಗಳಲ್ಲಿ ಇಡಬಹುದು ಅಂತ ತೋರಿಸಿದರು. ಅದನ್ನೇ ಆಧಾರ ಮಾಡಿಕೊಂಡು 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಭಾಷೆಯನ್ನು ಮುಂದಿಟ್ಟರು. ಪ್ರೋಗ್ರಾಮ್ ಬರೆಯಲು ಬಾರದವರೂ ಬಳಸುವಂತಿರಬೇಕು ಅನ್ನುವುದು ಅವರ ಆಸೆ. ಏನು ಬೇಕು ಅಂತ ನೀವು ಹೇಳುತ್ತೀರಿ. ಹೇಗೆ ಹುಡುಕಬೇಕು ಅನ್ನುವುದನ್ನು ಡೇಟಾಬೇಸ್ ನೋಡಿಕೊಳ್ಳುತ್ತದೆ.

ಲೆಕ್ಕ ಓದಿದವರಿಗೆ ಇನ್ನೊಂದು ಅನುಕೂಲ ಇದೆ. ಎರಡು ಕಡೆ ಮೊತ್ತ ಕೂಡದಿದ್ದರೆ ಅವರು ಬಿಟ್ಟು ಏಳುವುದಿಲ್ಲ. ಬಿಐ ಕೆಲಸಕ್ಕೆ ಬೇಕಾದ ಮೊದಲ ಗುಣ ಅದೇ. ಕಾಮರ್ಸ್ ಹುಡುಗಿಯರು ಆರನೇ ವಾರದ ಹೊತ್ತಿಗೆ ಇಂಜಿನಿಯರಿಂಗ್ ಹುಡುಗರ ಸಮಕ್ಕೆ ಬಂದು ನಿಲ್ಲುವುದನ್ನು ಪ್ರತಿ ಬ್ಯಾಚ್‌ನಲ್ಲೂ ನೋಡುತ್ತೇನೆ.

ಎಕ್ಸೆಲ್ ಚೆನ್ನಾಗಿ ಬರ್ತದೆ. ಮತ್ತೆ ಇದೆಲ್ಲ ಯಾಕೆ?

ಎಕ್ಸೆಲ್ ಒಳ್ಳೆಯದು, ಬಿಡಬೇಡಿ. ಆದರೆ ಒಂದು ಶೀಟ್‌ನಲ್ಲಿ 10,48,576 ಸಾಲು ಮಾತ್ರ ಹಿಡಿಸುತ್ತದೆ. ಹಳೆಯ ಎಕ್ಸ್‌ಎಲ್‌ಎಸ್ ಫೈಲ್ ಆದರೆ 65,536 ಅಷ್ಟೇ. ಇದು ಸುಮ್ನೆ ಹೇಳುವ ಮಾತಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ವರದಿಗೆ ಸೇರದೆ ಹೋದವು. ಕಾರಣ, ಮಾಹಿತಿಯನ್ನು ಆ ಹಳೆಯ ಫೈಲ್‌ಗೆ ತುಂಬಿದಾಗ ಮಿತಿ ದಾಟಿದ ಸಾಲುಗಳು ಬಿಟ್ಟುಹೋಗಿದ್ದವು. ಯಾರಿಗೂ ಎರರ್ ಕಾಣಲಿಲ್ಲ. ಸೋಂಕಿತರ ಜೊತೆ ಇದ್ದವರನ್ನು ಹುಡುಕುವ ಕೆಲಸ ಅದರಿಂದ ತಡವಾಯಿತು.

ಇನ್ನೊಂದು ತೊಂದರೆ ದಿನನಿತ್ಯದ್ದು. ಒಂದೇ ಫೈಲ್ ನಾಲ್ಕು ಜನರ ಹತ್ತಿರ ಇರುತ್ತದೆ. ಒಬ್ಬರು 'ಫೈನಲ್' ಅಂತ ಹೆಸರಿಟ್ಟಿರುತ್ತಾರೆ, ಇನ್ನೊಬ್ಬರು 'ಫೈನಲ್ 2'. ಯಾವುದು ನಿಜ ಅಂತ ಹೇಳುವವರೇ ಇರುವುದಿಲ್ಲ. ಡೇಟಾಬೇಸ್‌ನಲ್ಲಿ ಇಡುವುದು ಒಂದೇ ಪ್ರತಿ, ಯಾರು ಏನು ಬದಲಿಸಬಹುದು ಅನ್ನುವುದಕ್ಕೂ ಅಲ್ಲಿ ಕಟ್ಟುನಿಟ್ಟು ಇರುತ್ತದೆ.

ಹೊಸ ಲ್ಯಾಪ್‌ಟಾಪ್ ತಗೋಬೇಕಾ?

ಬೇಡ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದ್ದರೆ ಧಾರಾಳ. 4 ಜಿಬಿಯಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಓಡುತ್ತದೆ, ಪವರ್ ಬಿಐ ತಿಣುಕುತ್ತದೆ. ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಮಾತ್ರ ಹಾಕಲು ಬರುವುದು, ಮ್ಯಾಕ್ ಇರುವವರು ಇದನ್ನು ನೆನಪಿಡಿ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಉಪಯೋಗ, ಹೊಸ ಲ್ಯಾಪ್‌ಟಾಪ್ ಸಾಲಕ್ಕಿಂತ ಜಾಸ್ತಿ.

ನಾನು ಕನ್ನಡ ಮೀಡಿಯಂ. ಇಂಗ್ಲಿಷ್‌ನಲ್ಲಿ ಎರರ್ ಬಂದ್ರೆ ಕೈ ನಡುಗ್ತದೆ.

ಈ ಮಾತು ಹೇಳುವಾಗ ಎಷ್ಟೋ ಜನ ತಲೆ ತಗ್ಗಿಸುತ್ತಾರೆ. ತಗ್ಗಿಸಬೇಡಿ. ಎರರ್ ಅಂದರೆ ಬೈಗುಳ ಅಲ್ಲ, ಎಲ್ಲಿ ತಪ್ಪಾಗಿದೆ ಅಂತ ಡೇಟಾಬೇಸ್ ಬೆರಳಿಟ್ಟು ತೋರಿಸುತ್ತಿದೆ. ದಿನಾ ಬರುವ ಎರರ್‌ಗಳು ಮೂವತ್ತು ನಲವತ್ತು ಇರಬಹುದು. ಒಂದು ನೋಟ್‌ಬುಕ್ ಇಡಿ. ಎಡಗಡೆ ಎರರ್ ಬಂದ ಹಾಗೇ ಬರೆಯಿರಿ. ಬಲಗಡೆ ಅದರ ಅರ್ಥ ಕನ್ನಡದಲ್ಲಿ, ಅದರ ಕೆಳಗೆ ನೀವು ಏನು ಮಾಡಿದಾಗ ಸರಿಹೋಯಿತು ಅಂತ. ಎರಡು ತಿಂಗಳಿಗೆ ಆ ಪುಸ್ತಕ ತೆರೆಯುವುದೇ ಕಡಿಮೆ ಆಗುತ್ತದೆ.

ತರಗತಿಯಲ್ಲಿ ವಿವರಣೆ ಕನ್ನಡದಲ್ಲೇ ಇರುತ್ತದೆ. ಟೇಬಲ್, ಇಂಡೆಕ್ಸ್, ಬ್ಯಾಕಪ್ ಅನ್ನುವ ಮಾತುಗಳನ್ನು ಹಾಗೇ ಇಟ್ಟುಕೊಳ್ಳುತ್ತೇವೆ, ಯಾಕೆಂದರೆ ಸ್ಕ್ರೀನ್ ಮೇಲೆ ಕಾಣುವುದು ಅವೇ. ಅರ್ಥ ಮಾತ್ರ ನಿಮ್ಮ ಭಾಷೆಯಲ್ಲಿ ಕೂರಬೇಕು. ಕೂತರೆ ಇಂಟರ್‌ವ್ಯೂನಲ್ಲಿ ತುಂಡು ತುಂಡು ಇಂಗ್ಲಿಷ್‌ನಲ್ಲಾದರೂ ಹೇಳುತ್ತೀರಿ. ಬಾಯಿಪಾಠ ಮಾಡಿದವರು ಎರಡನೇ ಪ್ರಶ್ನೆಗೆ ನಿಂತುಬಿಡುತ್ತಾರೆ.

ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್... ಯಾವುದು ಮೊದಲು ಕಲೀಲಿ?

ಇವೆಲ್ಲ ಡೇಟಾಬೇಸ್ ಸಾಫ್ಟ್‌ವೇರ್‌ಗಳೇ. ನನ್ನ ಅಭಿಪ್ರಾಯ ಕೇಳಿದರೆ ಪೋಸ್ಟ್‌ಗ್ರೆಸ್. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ ಶುರು ಮಾಡಿದ ಕೆಲಸ ಅದು. 1996ರಿಂದ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಅನ್ನುವ ಹೆಸರಿನಲ್ಲಿ ಮುಂದುವರಿದಿದೆ. ಪೂರ್ತಿ ಉಚಿತ. ಮನೆಯಲ್ಲಿ ಕಲಿಯುವುದಕ್ಕೂ ಕಂಪನಿಯಲ್ಲಿ ಓಡಿಸುವುದಕ್ಕೂ ಅದೇ ಒಂದು, ಕಲಿಯುವವರಿಗೆ ಅಂತ ಕೈಕಾಲು ಕಟ್ಟಿದ ಆವೃತ್ತಿ ಇಲ್ಲ. ಒಳಗೆ ಏನು ನಡೆಯುತ್ತಿದೆ ಅನ್ನುವುದನ್ನು ಮುಚ್ಚಿಡದೆ ತೋರಿಸುತ್ತದೆ.

ನೀವು ಸೇರಬೇಕೆಂದಿರುವ ಕಡೆ ಬೇರೆಯದು ಇದ್ದರೆ ಅದನ್ನೇ ಹಿಡಿಯಿರಿ. ಎಸ್‌ಕ್ಯೂಎಲ್ ಸರ್ವರ್‌ನ ಡೆವಲಪರ್ ಆವೃತ್ತಿ ಕಲಿಯಲು ಉಚಿತವಾಗಿ ಸಿಗುತ್ತದೆ. ಮೈಎಸ್‌ಕ್ಯೂಎಲ್ 2010ರಿಂದ ಒರಾಕಲ್ ಕಂಪನಿಯ ಕೈಯಲ್ಲಿದೆ, ಅದರಿಂದ ಕವಲೊಡೆದ ಮರಿಯಾಡಿಬಿ ಬೇರೆಯಾಗಿ ಬೆಳೆಯುತ್ತಿದೆ. ಒಂದನ್ನು ಆಳವಾಗಿ ಕಲಿತರೆ ಇನ್ನೊಂದಕ್ಕೆ ಹೋಗಲು ತಿಂಗಳು ಸಾಕು. ನಾಲ್ಕನ್ನೂ ಮೇಲೆ ಮೇಲೆ ಮುಟ್ಟಿದವರು ಎಲ್ಲೂ ನಿಲ್ಲುವುದಿಲ್ಲ.

## ತರಬೇತಿ ಆರಿಸುವಾಗ

ಬೆಂಗಳೂರಿಗೆ ಹೋಗಲೇಬೇಕಾ? ಯೂಟ್ಯೂಬ್ ಸಾಲಲ್ವಾ?

ನಾನು ಕಲಿಯುವ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಭಾನುವಾರ ರಾತ್ರಿ ಮತ್ತೆ ಅದೇ ರೈಲು. ಸೋಮವಾರ ಕೆಲಸದಲ್ಲಿ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಈಗ ಆ ಕಷ್ಟ ಪಡಬೇಕಾಗಿಲ್ಲ.

ಪಾಠ ಕೇಳುವುದಕ್ಕೆ ಯೂಟ್ಯೂಬ್ ಸಾಕು, ನಿಜ. ಆದರೆ ವಿಡಿಯೋದಲ್ಲಿ ಎಲ್ಲವೂ ಮೊದಲ ಸಲಕ್ಕೇ ಸರಿಯಾಗಿ ಓಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲ. ಯಾಕೆ ಓಡಲಿಲ್ಲ ಅಂತ ಪಕ್ಕದಲ್ಲಿ ಕೂತು ಹೇಳುವವರು ಬೇಕು. ಅವರು ಬಳ್ಳಾರಿಯಲ್ಲಿರಲಿ, ಫೋನಿನಲ್ಲಿರಲಿ, ಅಂಥ ಒಬ್ಬರು ಸಿಕ್ಕರೆ ಊರು ಬಿಡುವ ಅಗತ್ಯ ಇಲ್ಲ.

ದುಡ್ಡು ಕಟ್ಟೋಕೆ ಮುಂಚೆ ಏನು ಕೇಳ್ಬೇಕು?

ಮೊದಲ ಪ್ರಶ್ನೆ: ನಾನೇ ನನ್ನ ಕೈಯಾರೆ ಒಂದು ಡೇಟಾಬೇಸ್ ಕೆಡಿಸಿ ಮತ್ತೆ ಎಬ್ಬಿಸುವ ಅಭ್ಯಾಸ ಇದೆಯಾ? ಇಲ್ಲ, ಸ್ಲೈಡ್‌ನಲ್ಲಿ ತೋರಿಸುತ್ತೇವೆ ಅಂದರೆ ಎದ್ದು ಬನ್ನಿ. ಕಲಿಸುವವರು ಈ ಕೆಲಸ ಎಲ್ಲಿ, ಎಷ್ಟು ವರ್ಷ ಮಾಡಿದ್ದಾರೆ ಅಂತಲೂ ಕೇಳಿ, ಸಂಕೋಚ ಬೇಡ. ಒಂದು ಬ್ಯಾಚ್‌ನಲ್ಲಿ ಎಷ್ಟು ಜನ ಅಂತ ಕೇಳಿ. ಒಬ್ಬರೇ ಕಲಿಸುವ ಕಡೆ ಹದಿನೈದಕ್ಕಿಂತ ಜಾಸ್ತಿ ಜನ ಇದ್ದರೆ ನಿಮ್ಮ ಸ್ಕ್ರೀನ್ ನೋಡಲು ಅವರಿಗೆ ಹೊತ್ತು ಸಿಗುವುದಿಲ್ಲ.

ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಬೋರ್ಡ್ ಹಾಕಿದ ಕಡೆ ಹೋಗಲೇಬೇಡಿ. ಅಪ್ಪ ಹತ್ತಿ ಮಾರಿದ ದುಡ್ಡು ತಂದು ಇಂಥ ಕಡೆ ಕಟ್ಟಿ ಬಂದ ಹುಡುಗನನ್ನು ನೋಡಿದ್ದೇನೆ. ಮೂರು ತಿಂಗಳಾದರೂ ಅವನ ಲ್ಯಾಪ್‌ಟಾಪ್‌ನಲ್ಲಿ ಒಂದು ಡೇಟಾಬೇಸ್ ಕೂಡ ಹಾಕಿಸಿರಲಿಲ್ಲ. ಕೈಯಲ್ಲಿ ಪ್ರಿಂಟ್ ಹಾಕಿದ ನೋಟ್ಸ್ ಇತ್ತು, ಅಷ್ಟೇ. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಸರ್ಟಿಫಿಕೇಟ್ ಇದ್ರೆ ಕೆಲಸ ಸಿಗ್ತದಾ?

ಬಾಗಿಲು ತೆರೆಯಲು ಸಹಾಯ ಆಗುತ್ತದೆ, ಒಳಗೆ ಕೂರಿಸುವುದಿಲ್ಲ. ಬಿಐ ಕಡೆಯವರು ಮೈಕ್ರೋಸಾಫ್ಟ್‌ನ ಪಿಎಲ್-300 ಬರೆಯುತ್ತಾರೆ, ಅಜೂರ್‌ನಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿ, ಡೇಟಾಬೇಸ್ ನೋಡಿಕೊಳ್ಳುವವರು ಡಿಪಿ-300. ಎರಡಕ್ಕೂ 1000ಕ್ಕೆ 700 ಅಂಕ ಬೇಕು. ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ, ಆಮೇಲೆ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು. ಪರೀಕ್ಷೆಯ ಹೆಸರು ಆಗಾಗ ಬದಲಾಗುತ್ತದೆ. ಪಿಎಲ್-300ಕ್ಕೆ ಮುಂಚೆ ಡಿಎ-100 ಅಂತ ಇತ್ತು. ಹಳೆಯ ನೋಟ್ಸ್ ಮಾರುವವರಿಂದ ಎಚ್ಚರ.

ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟ್ ಜೊತೆ ಒಂದು ಕೆಲಸ ಮಾಡಿ ತೋರಿಸುವಂತಿರಲಿ. ನೀವೇ ಕಟ್ಟಿದ ಸಣ್ಣ ಡೇಟಾಬೇಸ್, ಅದರ ಬ್ಯಾಕಪ್ ಕ್ರಮ, ಅದರ ಮೇಲೆ ಒಂದು ಡ್ಯಾಶ್‌ಬೋರ್ಡ್ (ಮುಖ್ಯ ಅಂಕಿಗಳನ್ನು ಗ್ರಾಫ್‌ನಲ್ಲಿ ತೋರಿಸುವ ಪುಟ). ಎದುರಿಗೆ ಕೂತವರು ಅದನ್ನೇ ಕೆದಕಿ ಕೇಳುತ್ತಾರೆ, ನೀವು ಮಾಡಿದ್ದಾದ್ದರಿಂದ ಉತ್ತರ ತಾನಾಗಿ ಬರುತ್ತದೆ.

ನಮ್ಮ ಆಫೀಸ್ ಡೇಟಾ ಪೆನ್‌ಡ್ರೈವ್‌ನಲ್ಲಿ ತರ್ತೀನಿ, ಅದರ ಮೇಲೇ ಕಲಿಸ್ತೀರಾ?

ದಯವಿಟ್ಟು ತರಬೇಡಿ. ಅದರಲ್ಲಿ ಜನರ ಹೆಸರು, ಫೋನ್ ನಂಬರ್, ಆಧಾರ್ ಇರುತ್ತದೆ. ಅವರು ನಿಮ್ಮ ಆಫೀಸನ್ನು ನಂಬಿ ಕೊಟ್ಟಿದ್ದು, ನಮ್ಮ ತರಗತಿಯನ್ನಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ಭದ್ರತೆ ಇಡದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಟೇಬಲ್‌ಗಳ ರಚನೆ ಮಾತ್ರ ಬರೆದುಕೊಂಡು ಬನ್ನಿ, ಅದಕ್ಕೂ ಮುಂಚೆ ನಿಮ್ಮ ಮೇಲಿನವರನ್ನು ಕೇಳಿ. ಒಳಗೆ ತುಂಬುವ ಹೆಸರು, ಅಂಕಿಗಳನ್ನು ನಾವೇ ಹುಟ್ಟಿಸಿಕೊಳ್ಳೋಣ.

## ಡಿಬಿಎ ಕೆಲಸದ ಒಳಗೆ

ದಿನಾ ಬ್ಯಾಕಪ್ ಆಗ್ತದೆ. ಮತ್ತೆ ರಿಸ್ಟೋರ್ ಅಭ್ಯಾಸಕ್ಕೆ ಇಡೀ ದಿನ ಯಾಕೆ?

ರಿಸ್ಟೋರ್ ಅಂದರೆ ಬ್ಯಾಕಪ್‌ನಿಂದ ಡೇಟಾಬೇಸ್ ಮತ್ತೆ ಎಬ್ಬಿಸುವುದು. ಇದಕ್ಕೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು ಕಲಿಸಲು ಶುರು ಮಾಡಿದ್ದೇ ಇದರಿಂದ.

ನನ್ನ ಮೊದಲ ಕೆಲಸದ ಜಾಗದಲ್ಲಿ ರಾತ್ರಿ ಹನ್ನೊಂದಕ್ಕೆ ಬ್ಯಾಕಪ್ ಓಡುತ್ತಿತ್ತು. ಬೆಳಗ್ಗೆ ಬಂದು ಫೈಲ್ ಇದೆಯಾ ಅಂತ ನೋಡುತ್ತಿದ್ದೆ. ಇರುತ್ತಿತ್ತು. ಸಿ ಡ್ರೈವ್‌ನಲ್ಲಿ ಡೇಟಾಬೇಸ್, ಡಿ ಡ್ರೈವ್‌ನಲ್ಲಿ ಬ್ಯಾಕಪ್. ಒಂದು ದಿನ ಡಿಸ್ಕ್ ಹೋಯಿತು. ಆಗ ತಿಳಿಯಿತು, ಸಿ ಮತ್ತು ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗ. ಹೊರಗೆ ತೆಗೆದಿಟ್ಟ ಪ್ರತಿ ಹನ್ನೊಂದು ದಿನ ಹಳೆಯದು. ಆ ಹನ್ನೊಂದು ದಿನದ ಬಿಲ್ಲುಗಳ ಕಾರ್ಬನ್ ಪ್ರತಿ ಕಟ್ಟು ಬಿಚ್ಚಿ, ನಾಲ್ಕು ಜನ ಕೂತು ಒಂದೊಂದಾಗಿ ಮತ್ತೆ ಟೈಪ್ ಮಾಡಿದೆವು. ಕೆಳಗಿನ ಪ್ರತಿಯಲ್ಲಿ ನೀಲಿ ಅಕ್ಷರ ಮಸುಕಾಗಿ 3 ಯಾವುದು 8 ಯಾವುದು ಅಂತ ತಿಳಿಯುತ್ತಿರಲಿಲ್ಲ. ಬೆಳಕಿಗೆ ಹಿಡಿದು ಓದುತ್ತಿದ್ದೆವು.

ದೊಡ್ಡವರಿಗೂ ಹೀಗೆ ಆಗುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ಬೇರೆ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಫೈಲ್ ಇರಬೇಕಾದ ಜಾಗ ಖಾಲಿ. ಆವೃತ್ತಿ ಹೊಂದದೆ ಬ್ಯಾಕಪ್ ಕಾರ್ಯಕ್ರಮ ಸೋಲುತ್ತಿತ್ತು, ಎಚ್ಚರಿಸುವ ಇ-ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ಅಂತ ತೆಗೆದಿಟ್ಟ ಪ್ರತಿ ಇದ್ದುದರಿಂದ ಉಳಿದುಕೊಂಡರು. ಅವರು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು ಪ್ರಕಟಿಸಿದರು. ಆ ಬರಹ ನನ್ನ ಪಾಠದ ಭಾಗ, ಅವರ ಮೇಲೆ ನನಗೆ ತುಂಬ ಗೌರವ ಇದೆ.

ಹಾಗಾಗಿ ನಮ್ಮಲ್ಲಿ ಒಂದು ಇಡೀ ಭಾನುವಾರ ರಿಸ್ಟೋರ್‌ಗೆ ಮೀಸಲು. ಇಬ್ಬಿಬ್ಬರ ಜೋಡಿ ಮಾಡುತ್ತೇವೆ. ಒಂದು ಜೀನ್ಸ್ ಹೊಲಿಗೆ ಘಟಕದ ಡೇಟಾಬೇಸ್ ಕೊಡುತ್ತೇವೆ, ನಾವೇ ಹುಟ್ಟಿಸಿದ ಅಂಕಿಗಳು. ಯಾವಾಗಲೋ ಜೊತೆಗಾರ ಬಂದು 'ವೇರ್' ಇಲ್ಲದ, ಅಂದರೆ ಯಾವ ಸಾಲು ಅಂತ ಹೇಳದೆ ಎಲ್ಲವನ್ನೂ ಅಳಿಸುವ, ಒಂದು 'ಡಿಲೀಟ್' ಹೊಡೆದು ಹೋಗುತ್ತಾನೆ. ಎಷ್ಟು ಹೊತ್ತಿಗೆ ಹೊಡೆದ ಅಂತ ಹೇಳುವುದಿಲ್ಲ. ನೀವು ಬೆಳಗಿನ ಪೂರ್ತಿ ಬ್ಯಾಕಪ್ ತೆಗೆದುಕೊಂಡು, ಅದರ ಮೇಲೆ ಲಾಗ್ (ಡೇಟಾಬೇಸ್ ತನ್ನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಫೈಲ್) ಓಡಿಸಿ, ಡಿಲೀಟ್ ಆಗುವುದಕ್ಕೆ ಸರಿಯಾಗಿ ಮುಂಚಿನ ಕ್ಷಣಕ್ಕೆ ಡೇಟಾಬೇಸನ್ನು ತಂದು ನಿಲ್ಲಿಸಬೇಕು. ಸಂಜೆ ಸಾಲುಗಳನ್ನು ಎಣಿಸಿ ನೋಡುತ್ತೇವೆ. ಕೆಲವರಿಗೆ ನಾಲ್ಕು ಸಲ ತಪ್ಪುತ್ತದೆ. ತಪ್ಪಲಿ, ಅದಕ್ಕೇ ಇರುವ ದಿನ ಅದು.

ಅವತ್ತು ಎರಡು ಪ್ರಶ್ನೆ ಬರೆದುಕೊಂಡು ಹೋಗಿ ನಿಮ್ಮ ಮಾಲೀಕರನ್ನು ಕೇಳಿ. ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳುತ್ತೀರಿ? ಎಷ್ಟು ಹೊತ್ತು ಕೆಲಸ ನಿಂತರೆ ತಡೆದುಕೊಳ್ಳುತ್ತೀರಿ? ಮೊದಲನೆಯದಕ್ಕೆ ಆರ್‌ಪಿಒ, ಎರಡನೆಯದಕ್ಕೆ ಆರ್‌ಟಿಒ ಅಂತ ಹೆಸರು. ಉತ್ತರ 'ಒಂದು ಗಂಟೆ' ಅಂತ ಬಂದರೆ, ರಾತ್ರಿಗೊಮ್ಮೆ ತೆಗೆಯುವ ಬ್ಯಾಕಪ್ ಸಾಲುವುದಿಲ್ಲ ಅಂತ ಅಲ್ಲೇ ಹೇಳಿಬಿಡಿ. ಮೂರು ಪ್ರತಿ, ಎರಡು ಬೇರೆ ಸಾಧನ, ಒಂದು ಕಟ್ಟಡದ ಹೊರಗೆ. ಇಷ್ಟು ಇರಲೇಬೇಕು.

ಬೇಸಿಗೇಲಿ ಕರೆಂಟ್ ಹೋಗ್ತಾನೇ ಇರ್ತದೆ. ಡೇಟಾಬೇಸ್ ಕೆಡಲ್ವಾ?

ಸರಿಯಾಗಿ ಇಟ್ಟಿದ್ದರೆ ಕೆಡುವುದಿಲ್ಲ. ನೀವು ಕಮಿಟ್ ಕೊಟ್ಟಾಗ, ಅಂದರೆ ಬದಲಾವಣೆ ಖಾಯಂ ಮಾಡು ಅಂದಾಗ, ಡೇಟಾಬೇಸ್ ಮೊದಲು ಲಾಗ್‌ನಲ್ಲಿ ಬರೆದು ಡಿಸ್ಕ್‌ಗೆ ಸೇರಿಸುತ್ತದೆ. ಟೇಬಲ್ ಫೈಲ್‌ಗೆ ನಿಧಾನವಾಗಿ ಆಮೇಲೆ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ, ಮತ್ತೆ ಶುರುವಾದಾಗ ಲಾಗ್ ಓದಿ ಬಿಟ್ಟದ್ದನ್ನು ತುಂಬಿಕೊಳ್ಳುತ್ತದೆ. ಕಮಿಟ್ ಆಗದೆ ಅರ್ಧಕ್ಕೆ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ತರಗತಿ ನಡುವೆ ಕರೆಂಟ್ ಹೋಯಿತು. ಡೆಸ್ಕ್‌ಟಾಪ್‌ಗಳೆಲ್ಲ ಒಟ್ಟಿಗೆ ಆರಿದವು. ಫ್ಯಾನ್ ನಿಂತು ಎಲ್ಲರ ಮುಖದಲ್ಲಿ ಬೆವರು. ಕರೆಂಟ್ ಬಂದ ಮೇಲೆ ಡೇಟಾಬೇಸ್ ತನ್ನ ಸಂದೇಶ ಬರೆಯುವ ಲಾಗ್ ಫೈಲ್ (ಮೇಲೆ ಹೇಳಿದ ಲಾಗ್ ಬೇರೆ) ತೆರೆದು ಗೋಡೆ ಮೇಲೆ ತೋರಿಸಿದೆ. ಡೇಟಾಬೇಸ್ ಸರಿಯಾಗಿ ಮುಚ್ಚಿರಲಿಲ್ಲ, ತಾನೇ ಸರಿಪಡಿಸಿಕೊಳ್ಳುತ್ತಿದೆ ಅಂತ ಒಂದು ಸಾಲು. ರೀಡೂ (ಲಾಗ್ ಓದಿ ಮತ್ತೆ ಬರೆಯುವ ಕೆಲಸ) ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಅಂತ ಅದರ ಕೆಳಗೆ ಇನ್ನೆರಡು ಸಾಲು. ಪುಸ್ತಕದಲ್ಲಿ ಒಂದು ಅಧ್ಯಾಯ ಇರುವ ವಿಷಯ ಮೂರು ಸಾಲಿನಲ್ಲಿ ಅರ್ಥವಾಯಿತು.

ಆದರೆ ವೇಗಕ್ಕೆ ಅಂತ ಎಫ್‌ಸಿಂಕ್ (ಬರೆದದ್ದು ಡಿಸ್ಕ್‌ಗೆ ಸೇರಿತು ಅಂತ ಖಚಿತ ಮಾಡುವ ಸೆಟ್ಟಿಂಗ್) ಆಫ್ ಮಾಡಿದ್ದರೆ ಈ ರಕ್ಷಣೆ ಇರುವುದಿಲ್ಲ. ಯುಪಿಎಸ್ ಇದ್ದರೆ ಅದರ ಬ್ಯಾಟರಿ ಮುಗಿಯುವ ಮುಂಚೆ ಸರ್ವರ್ ತಾನಾಗಿ ಶಟ್‌ಡೌನ್ ಆಗುವಂತೆ ಜೋಡಿಸಿ. ನಮ್ಮ ಬಿಸಿಲಿಗೆ ಬ್ಯಾಟರಿ ಬೇಗ ಸೋಲುತ್ತದೆ, ಬೇಸಿಗೆಗೆ ಮುಂಚೆ ಒಮ್ಮೆ ಪ್ಲಗ್ ಕಿತ್ತು ಎಷ್ಟು ನಿಮಿಷ ಎಳೆಯುತ್ತದೆ ನೋಡಿ.

ಕನ್ನಡದಲ್ಲಿ ಹೆಸರು ಹಾಕಿದ್ರೆ ಬರೀ ಪ್ರಶ್ನೆ ಚಿಹ್ನೆ ಬರ್ತದೆ, ಯಾಕೆ?

ನಮ್ಮ ಕಡೆ ತುಂಬ ಬರುವ ಪ್ರಶ್ನೆ. ಎಸ್‌ಕ್ಯೂಎಲ್ ಸರ್ವರ್ ಆದರೆ ಕಾಲಮ್ 'ವಾರ್‌ಚಾರ್' ಆಗಿರುತ್ತದೆ, ಅದನ್ನು ಎಲ್ಲ ಭಾಷೆಯ ಅಕ್ಷರ ಹಿಡಿಸುವ 'ಎನ್‌ವಾರ್‌ಚಾರ್' ಮಾಡಬೇಕು. ಅಷ್ಟೇ ಸಾಲದು, ಕ್ವೆರಿಯಲ್ಲಿ (ಎಸ್‌ಕ್ಯೂಎಲ್‌ನಲ್ಲಿ ಬರೆಯುವ ಆದೇಶ) ನೇರವಾಗಿ ಕನ್ನಡ ಪಠ್ಯ ಬರೆದರೆ ಅದಕ್ಕೂ ಮೊದಲು ದೊಡ್ಡ 'ಎನ್' (N) ಅಕ್ಷರ ಹಾಕಬೇಕು. ಮೈಎಸ್‌ಕ್ಯೂಎಲ್ 8.0ಕ್ಕಿಂತ ಹಳೆಯದಾದರೆ ಡೀಫಾಲ್ಟ್ ಲ್ಯಾಟಿನ್-1 ಇರುತ್ತದೆ, ಅದರಲ್ಲಿ ಕನ್ನಡ ಅಕ್ಷರ ಇಲ್ಲ. ಅದನ್ನು ಯುಟಿಎಫ್8ಎಂಬಿ4ಗೆ ಬದಲಿಸಿ. ಒಮ್ಮೆ ಪ್ರಶ್ನೆ ಚಿಹ್ನೆಯಾಗಿ ಒಳಗೆ ಕೂತದ್ದು ಮತ್ತೆ ಕನ್ನಡ ಆಗುವುದಿಲ್ಲ. ಮೂಲ ಎಲ್ಲಿದೆಯೋ ಅಲ್ಲಿಂದ ಮತ್ತೆ ತರಬೇಕು.

ಇನ್ನೊಂದು ಸೂಕ್ಷ್ಮ ಇದೆ. 'ಬಳ್ಳಾರಿ' ಅಂತ ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ: ಬ, ಳ್ಳಾ, ರಿ. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಟ್ಟ ಪಟ್ಟಿ) ಲೆಕ್ಕದಲ್ಲಿ ಏಳು: ಬ, ಳ, ವಿರಾಮ, ಳ, ಆ ಕಾರದ ಗುರುತು, ರ, ಇ ಕಾರದ ಗುರುತು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಒರಾಕಲ್‌ನಲ್ಲಿ ಕಾಲಮ್ ಅಳತೆ ಸಾಮಾನ್ಯವಾಗಿ ಬೈಟ್‌ನಲ್ಲಿ ಇರುತ್ತದೆ. 20 ಅಂತ ಕೊಟ್ಟಿದ್ದರೆ ನಮ್ಮ ಊರಿನ ಹೆಸರೇ ಹಿಡಿಸುವುದಿಲ್ಲ! ಹಾಗಾಗಿ ಅಳತೆಯ ಜೊತೆ 'ಚಾರ್' ಅಂತ ಸೇರಿಸಿ ಕೊಡಿ.

ಹಳೆಯ ಕಡತಗಳಲ್ಲಿ ನುಡಿ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳೂ ಸಿಗುತ್ತವೆ. ಫಾಂಟ್ ತೆಗೆದರೆ ಅದು ಇಂಗ್ಲಿಷ್ ಅಕ್ಷರಗಳ ಕಲಸು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಡೇಟಾಬೇಸ್‌ಗೆ ಹಾಕಿ, ಇಲ್ಲದಿದ್ದರೆ ಹುಡುಕಲೂ ಆಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲೂ ಆಗುವುದಿಲ್ಲ.

ಮೊದಲು ಎರಡು ಸೆಕೆಂಡಿಗೆ ಬರ್ತಿದ್ದ ವರದಿ ಈಗ ಎರಡು ನಿಮಿಷ. ರ್‍ಯಾಮ್ ಜಾಸ್ತಿ ಹಾಕಿಸ್ಲಾ?

ಅಂಗಡಿಗೆ ಓಡುವ ಮುಂಚೆ ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್' ಹಾಕಿ ನೋಡಿ. ಡೇಟಾಬೇಸ್ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ಅದು ತೋರಿಸುತ್ತದೆ. ಇಡೀ ಟೇಬಲ್ ಮೊದಲಿಂದ ಕೊನೆಯವರೆಗೆ ಓದುತ್ತಿದ್ದರೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇಲ್ಲ, ಅಥವಾ ಇದ್ದರೂ ಬಳಕೆಯಾಗುತ್ತಿಲ್ಲ. ನಾನು ಅತಿ ಹೆಚ್ಚು ಸಲ ನೋಡಿದ ತಪ್ಪು ಒಂದು: ಬಿಲ್ ದಿನಾಂಕದಿಂದ ವರ್ಷ ಹೊರತೆಗೆದು ಅದು 2024ಕ್ಕೆ ಸಮವೇ ಅಂತ ಹೋಲಿಸುವುದು. ಕಾಲಮ್ ಮೇಲೆ ಫಂಕ್ಷನ್ ಹಾಕಿದರೆ ದಿನಾಂಕದ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. 2024ರ ಜನವರಿ 1 ಅಥವಾ ಆಮೇಲೆ, 2025ರ ಜನವರಿ 1ಕ್ಕಿಂತ ಮುಂಚೆ, ಹೀಗೆ ಬರೆದು ನೋಡಿ.

ಒಂದು ಎಚ್ಚರಿಕೆ. ಪೋಸ್ಟ್‌ಗ್ರೆಸ್‌ನಲ್ಲಿ 'ಎಕ್ಸ್‌ಪ್ಲೇನ್ ಅನಲೈಸ್' ಅಂದರೆ ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ. ಡಿಲೀಟ್ ಮುಂದೆ ಅದನ್ನು ಹಾಕಿದರೆ ಸಾಲುಗಳು ಹೋಗೇ ಹೋಗುತ್ತವೆ.

## ಬಿಐ ಕೆಲಸದ ಒಳಗೆ

ಪವರ್ ಬಿಐನ ನೇರವಾಗಿ ಬಿಲ್ಲಿಂಗ್ ಡೇಟಾಬೇಸ್‌ಗೆ ಜೋಡಿಸಿದ್ರೆ ಆಗಲ್ವಾ?

ಸಣ್ಣ ಅಂಗಡಿಗೆ ನಡೆಯುತ್ತದೆ. ವ್ಯಾಪಾರ ಬೆಳೆದಂತೆ ಕೌಂಟರ್‌ನಲ್ಲಿ ಬಿಲ್ ನಿಧಾನ ಆಗುತ್ತದೆ, ಯಾಕೆಂದರೆ ಮಾಲೀಕರ ಡ್ಯಾಶ್‌ಬೋರ್ಡ್ ಅದೇ ಸರ್ವರ್‌ನಿಂದ ಮೂರು ವರ್ಷದ ಲೆಕ್ಕ ಎಳೆಯುತ್ತಿರುತ್ತದೆ. ಅದಕ್ಕೇ ರಾತ್ರಿ ಹೊತ್ತು ಬೇರೆ ಡೇಟಾಬೇಸ್‌ಗೆ ನಕಲು ತಂದು, ವರದಿಗೆ ಹೊಂದುವಂತೆ ಜೋಡಿಸುತ್ತೇವೆ. ನಡುವೆ ಒಂದು ಫ್ಯಾಕ್ಟ್ ಟೇಬಲ್: ಪ್ರತಿ ಬಿಲ್ಲಿನ ಪ್ರತಿ ಸಾಲು, ಎಷ್ಟು, ಎಷ್ಟಕ್ಕೆ. ಸುತ್ತ ಡೈಮೆನ್ಶನ್‌ಗಳು: ಸರಕು, ಗಿರಾಕಿ, ಊರು, ದಿನಾಂಕ. ಚಿತ್ರ ಬರೆದರೆ ನಕ್ಷತ್ರದ ಹಾಗೆ ಕಾಣುವುದರಿಂದ ಸ್ಟಾರ್ ಸ್ಕೀಮಾ. ಈ ಕ್ರಮವನ್ನು ಹೆಚ್ಚು ಜನರಿಗೆ ತಲುಪಿಸಿದವರು ರಾಲ್ಫ್ ಕಿಂಬಾಲ್.

ದಿನಾಂಕದ ಟೇಬಲ್ ನೀವೇ ಮಾಡಿ. ಪವರ್ ಬಿಐ ತಾನಾಗಿ ಮಾಡಿಕೊಡುವುದು ಜನವರಿಯಿಂದ ಡಿಸೆಂಬರ್. ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್.

ಅದೇ ಜಿಲ್ಲೆ, ಅದೇ ವರ್ಷ, ಎರಡು ವರದಿಯಲ್ಲಿ ಎರಡು ಅಂಕಿ. ಯಾವುದು ಸರಿ?

ನಮ್ಮ ಜಿಲ್ಲೆಯಷ್ಟು ಒಳ್ಳೆಯ ಪಾಠ ಇದಕ್ಕೆ ಬೇರೆ ಸಿಗುವುದಿಲ್ಲ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲಿ 'ಬೆಲ್ಲಾರಿ' ಹೋಗಿ 'ಬಳ್ಳಾರಿ' ಆಯಿತು. ಹಳೆಯ ದಾಖಲೆಯಲ್ಲಿ ಹಳೆಯ ಕಾಗುಣಿತ, ಹೊಸದರಲ್ಲಿ ಹೊಸದು. ಯಾರೂ ಗಮನಿಸದಿದ್ದರೆ ಒಂದೇ ಊರು ಗ್ರಾಫ್‌ನಲ್ಲಿ ಎರಡು ಕಂಬವಾಗಿ ನಿಲ್ಲುತ್ತದೆ. ಇದು ಸುಲಭದ್ದು: ಹೆಸರಿನ ಬದಲು ಒಂದು ಕೋಡ್ ಇಟ್ಟು, ಎರಡೂ ಕಾಗುಣಿತವನ್ನು ಅದಕ್ಕೇ ಕಟ್ಟಿದರೆ ಮುಗಿಯಿತು.

ಕಷ್ಟದ್ದು ಮುಂದೆ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಅಲ್ಲಿಗೆ ಹೋದವು. ಈಗ ಮಾಲೀಕರು '2019ರಲ್ಲಿ ಬಳ್ಳಾರಿ ಜಿಲ್ಲೆಯ ಮಾರಾಟ ಎಷ್ಟು' ಅಂತ ಕೇಳುತ್ತಾರೆ. ಹೊಸಪೇಟೆಯ ಅಂಗಡಿ ಸೇರಿಸಬೇಕಾ, ಬಿಡಬೇಕಾ? ಅಂದಿನ ಜಿಲ್ಲೆ ಅಂದರೆ ಸೇರಿಸಬೇಕು. ಇಂದಿನ ಗಡಿಯಲ್ಲಿ ಹೋಲಿಸಬೇಕು ಅಂದರೆ ಬಿಡಬೇಕು. ಎರಡೂ ಸರಿಯಾದ ಪ್ರಶ್ನೆಗಳೇ. ತಾಲ್ಲೂಕಿನ ಟೇಬಲ್‌ನಲ್ಲಿ ಸುಮ್ನೆ ಜಿಲ್ಲೆಯ ಹೆಸರು ತಿದ್ದಿಬಿಟ್ಟರೆ ಹಳೆಯ ಚರಿತ್ರೆ ಅಳಿಸಿಹೋಗುತ್ತದೆ. ಅದರ ಬದಲು ಹೊಸಪೇಟೆಗೆ ಎರಡು ಸಾಲು ಇಡಿ: ಒಂದು ಬಳ್ಳಾರಿ ಜಿಲ್ಲೆ, ಇಂಥ ದಿನದವರೆಗೆ. ಇನ್ನೊಂದು ವಿಜಯನಗರ ಜಿಲ್ಲೆ, ಅವತ್ತಿನಿಂದ. ಇದಕ್ಕೆ ಸ್ಲೋಲಿ ಚೇಂಜಿಂಗ್ ಡೈಮೆನ್ಶನ್, ಟೈಪ್ 2 ಅಂತ ಹೆಸರು. ಹರಪನಹಳ್ಳಿಗೆ ಎರಡು ಸಾಲೂ ಸಾಲುವುದಿಲ್ಲ. ಅದು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ.

ವರದಿಯ ತಲೆಯಲ್ಲೇ 'ಅಂದಿನ ಗಡಿ' ಅಥವಾ 'ಇಂದಿನ ಗಡಿ' ಅಂತ ಬರೆಯಿರಿ. ಮೀಟಿಂಗ್‌ನಲ್ಲಿ ಅರ್ಧ ಗಂಟೆ ಜಗಳ ತಪ್ಪುತ್ತದೆ.

## ಕೆಲಸದಲ್ಲಿ ಇರುವವರಿಗೆ

ಬಳ್ಳಾರಿಯಲ್ಲೇ ಕೆಲಸ ಸಿಗ್ತದಾ, ಊರು ಬಿಡಬೇಕಾ?

ಇಲ್ಲಿ 'ಡಿಬಿಎ ಬೇಕಾಗಿದ್ದಾರೆ' ಅನ್ನುವ ಜಾಹೀರಾತು ಅಪರೂಪ. ಆದರೆ ಕೆಲಸ ಬೇರೆ ಹೆಸರಲ್ಲಿ ಇರುತ್ತದೆ: ಇಡಿಪಿ (ಕಂಪ್ಯೂಟರ್ ವಿಭಾಗ), ಎಂಐಎಸ್ (ಮೇಲಿನವರಿಗೆ ವರದಿ ಮಾಡಿಕೊಡುವುದು), ಸಿಸ್ಟಂ ಅಡ್ಮಿನ್. ತೋರಣಗಲ್ಲಿನ ಉಕ್ಕಿನ ಸುತ್ತ ಬೆಳೆದ ಸಾಗಣೆ ಮತ್ತು ಗುತ್ತಿಗೆ ಕಂಪನಿಗಳು, ಆಸ್ಪತ್ರೆಗಳು, ಸಹಕಾರಿ ಬ್ಯಾಂಕ್‌ಗಳು, ಜೀನ್ಸ್ ಘಟಕಗಳು, ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ ಗಿರಣಿಗಳು, ರಾಯಚೂರಿನ ಹತ್ತಿ ವ್ಯಾಪಾರ. ಎಲ್ಲರ ಹತ್ತಿರ ಡೇಟಾ ಇದೆ, ನೋಡಿಕೊಳ್ಳುವವರಿಲ್ಲ. ಸಂಬಳ ಬೆಂಗಳೂರಿನಷ್ಟು ಇರುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷ ಇಲ್ಲಿ ಎಲ್ಲವನ್ನೂ ಒಬ್ಬರೇ ಮಾಡಿದವರು ಆಮೇಲೆ ಎಲ್ಲಿಗೆ ಹೋದರೂ ಧೈರ್ಯವಾಗಿ ನಿಲ್ಲುತ್ತಾರೆ.

ಕ್ಲೌಡ್ ಬಂತು, ಎಐ ಬಂತು. ಇನ್ನು ಡಿಬಿಎ ಯಾಕೆ ಬೇಕು?

ಪ್ಯಾಚ್ (ಸಾಫ್ಟ್‌ವೇರ್ ದೋಷದ ತಿದ್ದುಪಡಿ) ಹಾಕುವುದು, ದಿನದ ಬ್ಯಾಕಪ್ ತೆಗೆಯುವುದು ಕ್ಲೌಡ್ ಕಂಪನಿ ಮಾಡುತ್ತದೆ. ಒಳ್ಳೆಯದೇ. ಎಐ ಕ್ವೆರಿ ಬರೆದುಕೊಡುತ್ತದೆ, ನಾನೂ ಬರೆಸುತ್ತೇನೆ. ಆದರೆ ಹೊಸಪೇಟೆಯ ಅಂಗಡಿ ಸೇರಿಸಬೇಕೋ ಬೇಡವೋ ಅಂತ ಅದು ಕೇಳುವುದಿಲ್ಲ, ಒಂದು ಅಂಕಿ ಕೊಟ್ಟುಬಿಡುತ್ತದೆ. ಯಾರಿಗೆ ಯಾವ ಟೇಬಲ್ ತೋರಿಸಬೇಕು, ಎಷ್ಟು ದಿನದ ಬ್ಯಾಕಪ್ ಇಡಬೇಕು ಅಂತ ತೀರ್ಮಾನಿಸುವವರು ನೀವೇ. ಕ್ಲೌಡ್ ಬ್ಯಾಕಪ್ಪನ್ನೂ ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಬೇಕಾದವರೂ ನೀವೇ.

ರಾತ್ರಿ ಎರಡಕ್ಕೆ ಫೋನ್ ಬಂತು, ಡಿಸ್ಕ್ ಫುಲ್, ಡೇಟಾಬೇಸ್ ನಿಂತಿದೆ. ಮೊದಲು ಏನು ಮಾಡ್ಲಿ?

ಏನನ್ನೂ ಅಳಿಸಬೇಡಿ. ಆ ಹೊತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಣ್ಣಿಗೆ ಬೀಳುವುದು ಲಾಗ್ ಫೋಲ್ಡರ್. 'ಬರೀ ಲಾಗ್ ಅಲ್ವಾ' ಅಂತ ಪೋಸ್ಟ್‌ಗ್ರೆಸ್‌ನ ವಾಲ್ ಫೈಲ್‌ಗಳನ್ನು (ಬದಲಾವಣೆಗಳ ಲಾಗ್) ತೆಗೆದರೆ ಡೇಟಾಬೇಸ್ ಮತ್ತೆ ಏಳದೇ ಹೋಗಬಹುದು. ಕರೆಂಟ್ ಹೋದಾಗ ನಿಮ್ಮನ್ನು ಉಳಿಸಿದ್ದು ಅದೇ ಫೈಲ್‌ಗಳು.

ಗಂಟೆ ನೋಡಿ ಒಂದು ಹಾಳೆಯಲ್ಲಿ ಬರೆಯಿರಿ. ಮಾಡುವ ಪ್ರತಿ ಕೆಲಸವನ್ನೂ ಹೊತ್ತಿನ ಸಮೇತ ಬರೆಯುತ್ತಾ ಹೋಗಿ, ಬೆಳಗ್ಗೆ ಬೇರೆಯವರು ಮುಂದುವರಿಸಬೇಕಾಗಬಹುದು. ಡಿಸ್ಕ್‌ನಲ್ಲಿ ಡೇಟಾಬೇಸ್‌ಗೆ ಸೇರದ ಫೈಲ್ ಏನಿದೆ ನೋಡಿ: ಹಳೆಯ ಇನ್‌ಸ್ಟಾಲರ್, ಯಾರೋ ಇಟ್ಟ ವಿಡಿಯೋ. ಅದನ್ನು ಬೇರೆ ಡಿಸ್ಕ್‌ಗೆ ಸರಿಸಿದರೆ ಉಸಿರಾಡಲು ಜಾಗ ಸಿಗುತ್ತದೆ. ಡೇಟಾಬೇಸ್ ಎದ್ದ ಮೇಲೆ ಲಾಗ್ ಯಾಕೆ ಬೆಳೆಯಿತು ಅಂತ ಹುಡುಕಿ. ಪೋಸ್ಟ್‌ಗ್ರೆಸ್‌ನಲ್ಲಿ ಲಾಗನ್ನು ಬೇರೆ ಕಡೆ ನಕಲಿಸುವ ಆರ್ಕೈವ್ ಕಮ್ಯಾಂಡ್ ಸೋಲುತ್ತಿರಬಹುದು, ಅಥವಾ ಯಾರೂ ಬಳಸದ ರೆಪ್ಲಿಕೇಶನ್ ಸ್ಲಾಟ್ (ಇನ್ನೊಂದು ಸರ್ವರ್ ಓದಲಿ ಅಂತ ಲಾಗ್ ಕಾಯ್ದಿಡುವ ಗುರುತು) ಹಿಡಿದುಕೊಂಡಿರಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸಾಮಾನ್ಯ ಕಾರಣ, ರಿಕವರಿ ಮಾಡೆಲ್ 'ಫುಲ್' (ಲಾಗ್ ಬ್ಯಾಕಪ್ ಆಗುವವರೆಗೆ ಲಾಗ್ ಇಟ್ಟುಕೊಳ್ಳುವ ಸೆಟ್ಟಿಂಗ್) ಇಟ್ಟು ಲಾಗ್ ಬ್ಯಾಕಪ್ ತೆಗೆಯದೇ ಇರುವುದು.

ಕೈ ನಡುಗುತ್ತಿದ್ದರೆ ನನಗೆ ಫೋನ್ ಮಾಡಿ. ಎರಡು ಗಂಟೆಯಾದರೂ ಎತ್ತುತ್ತೇನೆ.